ಅಪ್ಪ ನೋಡಬಾರದ ಚಿತ್ರ

ಇಣುಕಿ ನೋಡುವ ಚಟ ನನಗೆ ಚಿಕ್ಕಂದಿನಿಂದಲೂ ಇದೆ. ಬಸ್ಸಿನಲ್ಲಿ ಪಕ್ಕದವರು ಪೇಪರು ಬಿಡಿಸಿದರೆ ಸಾಕು, ನನ್ನ ಕತ್ತು ತಾನಾಗಿಯೇ ಆ ಕಡೆ ವಾಲುತ್ತದೆ. ನಾನು ಅರ್ಧ ಓದುವಷ್ಟರಲ್ಲಿ ಅವರು ಹಾಳೆ ತಿರುಗಿಸಿಬಿಟ್ಟರೆ ಒಳಗೊಳಗೇ ಸಿಟ್ಟೂ ಬರುತ್ತದೆ, ಪೇಪರು ಕೊಂಡವನು ನಾನೇ ಎಂಬಂತೆ. ಯಾರ ಮನೆಗೆ ಹೋದರೂ ಮೊದಲು ಗೋಡೆಯ ಕ್ಯಾಲೆಂಡರಿನ ಹತ್ತಿರ ನಿಂತು, ಅವರು ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡದ್ದನ್ನೆಲ್ಲ ಓದುತ್ತೇನೆ. ಹಸು ಕರು ಹಾಕಿದ ದಿನ, ಗ್ಯಾಸ್ ಬಂದ ದಿನ, ಅತ್ತೆ ಊರಿಗೆ ಹೋದ ದಿನ. ಮೇಷ್ಟರ ಕೆಲಸಕ್ಕೆ ಸೇರಿದ ಮೇಲೆ ಈ ಚಟಕ್ಕೆ ಒಂದು ಮರ್ಯಾದೆಯೂ ಬಂತು. ಪರೀಕ್ಷೆಯ ಕೋಣೆಯಲ್ಲಿ ಇಣುಕುವುದಕ್ಕೆ ಮೇಲ್ವಿಚಾರಣೆ ಎನ್ನುತ್ತಾರೆ. ಒಂದು ಮಗುವಿನ ತಂದೆಯಾದ ಮೇಲಂತೂ ಅದು ನನ್ನ ಕರ್ತವ್ಯವೇ ಆಗಿಹೋಯಿತು.

ಆದ್ದರಿಂದ ನನ್ನ ಮಗಳು ಭಾಗ್ಯ ತಾಳವಾಡಿಯ ಹೈಸ್ಕೂಲಿನಿಂದ ಒಂದು ಸುತ್ತೋಲೆ ತಂದುಕೊಟ್ಟಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಆಗ ಅವಳು ಒಂಬತ್ತನೆಯ ತರಗತಿಯಲ್ಲಿದ್ದಳು. ನಮ್ಮವು ತಮಿಳು ಸೀಮೆಗೆ ಸೇರಿದ ಕನ್ನಡದ ಊರುಗಳು, ಹಾಗಾಗಿ ಸುತ್ತೋಲೆಯಲ್ಲಿ ಮೇಲೆ ತಮಿಳು, ಕೆಳಗೆ ಕನ್ನಡ. ಮಕ್ಕಳು ಪಾಠದ ಕೆಲಸಕ್ಕೆ ಬ್ರೌಸಿಂಗ್ ಸೆಂಟರಿಗೆ ಹೋಗುವ ಕಾಲ ಬಂದಿದೆ, ಅಲ್ಲಿ ಅವರು ಏನನ್ನು ನೋಡಬಹುದು, ಏನನ್ನು ನೋಡಬಾರದು ಎಂದು ತೀರ್ಮಾನಿಸುವ ಪೂರ್ಣ ಸ್ವಾತಂತ್ರ್ಯ ಹೆತ್ತವರಾದ ತಮ್ಮದು, ಕೆಳಗಿನ ಪಟ್ಟಿಯಲ್ಲಿ ಒಪ್ಪಿಗೆಯಿರುವುದಕ್ಕೆ ಸರಿ ಗುರುತು ಹಾಕಿ ಸಹಿ ಮಾಡಿ ಕಳಿಸಿ ಎಂದಿತ್ತು. ಪೂರ್ಣ ಸ್ವಾತಂತ್ರ್ಯ ಎಂಬ ಮಾತನ್ನು ನಾನು ಎರಡು ಸಲ ಓದಿದೆ. ಅಲ್ಲಿಯವರೆಗೆ ಯಾರೂ ನನಗೆ ಯಾವುದರಲ್ಲೂ ಪೂರ್ಣ ಸ್ವಾತಂತ್ರ್ಯ ಕೊಟ್ಟಿರಲಿಲ್ಲ. ನಮ್ಮ ಮನೆಯಲ್ಲಿ ಸಾರಿಗೆ ಎಷ್ಟು ಹುಣಸೆಹಣ್ಣು ಎಂಬುದರಲ್ಲೂ ನನ್ನ ಮಾತು ನಡೆಯುವುದಿಲ್ಲ.

ಪೆನ್ನಿನ ಮುಚ್ಚಳ ತೆಗೆದು ಜಗಲಿಯ ಮೇಲೆ ಕೂತೆ. ಸಿನಿಮಾ ಹಾಡು, ಬೇಡ. ಆಟ, ಬೇಡ. ಹರಟೆ, ಖಂಡಿತ ಬೇಡ. ಅದಕ್ಕೆ ಅವರವ್ವ ಇದ್ದಾಳೆ. ಫೋಟೋಗಳು ಎಂದಿತ್ತು. ಯಾರ ಫೋಟೋ, ಎಂಥ ಫೋಟೋ ಎಂದು ಹೇಳದ ಮೇಲೆ ಅದೂ ಬೇಡ. ಕೊನೆಯಲ್ಲಿ ಪದಕೋಶ ಮತ್ತು ಭೂಪಟ ಉಳಿದವು. ಭೂಪಟ ನೋಡಿ ಕೆಟ್ಟುಹೋದವರನ್ನು ನಾನು ಎಲ್ಲಿಯೂ ಕಂಡಿರಲಿಲ್ಲ. ನದಿ, ಬೆಟ್ಟ, ರಾಜಧಾನಿ. ಇದಕ್ಕಿಂತ ನಿರಪಾಯವಾದ ವಸ್ತು ಇನ್ನೊಂದಿಲ್ಲವೆಂದು ಅದರ ಮುಂದೆ ಸರಿ ಗುರುತನ್ನು ಸ್ವಲ್ಪ ದೊಡ್ಡದಾಗಿಯೇ ಹಾಕಿ, ಸಹಿ ಮಾಡಿ, ತಾರೀಕು ಬರೆದೆ.

ನಮ್ಮಪ್ಪನಿಗೆ ಇಷ್ಟೆಲ್ಲ ತಾಪತ್ರಯ ಇರಲಿಲ್ಲ. ನಮ್ಮ ಪಣಕಹಳ್ಳಿಗೆ ಹೊರಗಿನ ಪ್ರಪಂಚ ಬಸ್ಸು ಹತ್ತಿಯೇ ಬರಬೇಕಾಗಿತ್ತು, ಬಸ್ಸೋ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಮನೆಯೊಳಗಿದ್ದ ಅಪಾಯವೆಂದರೆ ಒಂದು ರೇಡಿಯೋ. ಅಪ್ಪ ಅದರ ಮುಳ್ಳನ್ನು ಮೈಸೂರಿನ ಮೇಲೆ ನಿಲ್ಲಿಸಿ, ಬೇರೆ ಕಡೆ ತಿರುಗದಂತೆ ತಿರುಗುಣಿಗೆ ದಾರ ಸುತ್ತಿ ಬಿಗಿಯಾಗಿ ಗಂಟು ಹಾಕಿದ್ದರು. ಸಿನಿಮಾ ಹಾಡು ಸಿಂಹಳದ ರೇಡಿಯೋ ನಿಲಯದಿಂದ ಬರುತ್ತಿದ್ದ ಕಾಲ ಅದು. ನಾನು ಹಾಡು ಕೇಳುವುದನ್ನೇನೂ ಬಿಡಲಿಲ್ಲ. ಪಕ್ಕದ ಮನೆಯ ಹಿತ್ತಿಲಗೋಡೆಗೆ ಬೆನ್ನು ಕೊಟ್ಟು ಕೂತರೆ ಅವರ ರೇಡಿಯೋ ಚೆನ್ನಾಗಿಯೇ ಕೇಳುತ್ತಿತ್ತು. ಗೋಡೆ ದಾಟಿ ಬರುವಷ್ಟರಲ್ಲಿ ಮಾತೆಲ್ಲ ಅಳಿಸಿಹೋಗಿ ಬರೀ ರಾಗ ಉಳಿದಿರುತ್ತಿತ್ತು. ಎಳೆಬಿಸಿಲು, ಬೆನ್ನಿಗೆ ತಂಪು ಗೋಡೆ, ಯಾವ ಭಾಷೆಯದೆಂದು ಗೊತ್ತಾಗದ ಒಂದು ಹಾಡು. ಈಗಲೂ ಯಾರಾದರೂ ಸುಖ ಎಂದರೆ ನನಗೆ ಅದೇ ನೆನಪಾಗುತ್ತದೆ. ದಾರ ಸುತ್ತಿದ ಅಪ್ಪನಿಗೆ ನಾನು ಇದಕ್ಕಾಗಿ ಕೃತಜ್ಞನಾಗಿರಬೇಕು.

ತಾಳವಾಡಿಯ ಬ್ರೌಸಿಂಗ್ ಸೆಂಟರ್ ಬಸ್ ನಿಲ್ದಾಣದ ಎದುರಿಗೆ, ಗೊಬ್ಬರದ ಅಂಗಡಿಯ ಮಹಡಿಯ ಮೇಲಿತ್ತು. ಮೆಟ್ಟಿಲು ಹತ್ತುವಾಗ ಯೂರಿಯಾ ವಾಸನೆ, ಮೇಲೆ ಊದಿನಕಡ್ಡಿಯ ವಾಸನೆ. ಮೂರು ಕಂಪ್ಯೂಟರು, ನಡುವೆ ಪ್ಲೈವುಡ್ ತಡಿಕೆ, ಒಂದೊಂದಕ್ಕೂ ಅರ್ಧ ಕದ. ಅದನ್ನು ನಡೆಸುತ್ತಿದ್ದವಳು ಸೆಲ್ವಿ, ಸತ್ಯಮಂಗಲದ ಕಡೆಯಿಂದ ಮದುವೆಯಾಗಿ ಬಂದ ಹೆಣ್ಣುಮಗಳು. ಸ್ವಾತಂತ್ರ್ಯ ಸಿಕ್ಕಿದ ಹೊಸತಲ್ಲವೆ, ನಾನು ಮೊದಲ ದಿನವೇ ಹೋಗಿ ಆ ಅರ್ಧ ಕದಗಳನ್ನು ತೆಗೆಸಬೇಕೆಂದು ಕೇಳಿದೆ. ಅವಳು ಕದಗಳನ್ನು ತೆಗೆದೂಬಿಟ್ಟಳು, ಫ್ಯಾನಿನ ಗಾಳಿ ಎಲ್ಲರಿಗೂ ಬರುತ್ತದೆಂದು. ಆದರೆ ನನ್ನ ಮಗಳು ಏನೇನು ನೋಡುತ್ತಾಳೆಂದು ಒಂದು ಚೀಟಿಯಲ್ಲಿ ಬರೆದಿಡಿ ಎಂದಾಗ ಮಾತ್ರ ಮುಖ ಬಿಗಿದುಕೊಂಡಳು.

“ಬೇರೆಯೋರ ಕಾಗ್ದ ಒಡ್ದು ಓದ್ಬಾರ್ದು ಅಲ್ವಾ ಅಣ್ಣಾ? ಇದೂ ಅಂಗೇ ದಾನ್,” ಎಂದಳು ತನ್ನ ತಮಿಳು ಬೆರೆತ ಕನ್ನಡದಲ್ಲಿ.

ಭಾಗ್ಯ ಶನಿವಾರ ಶನಿವಾರ ಹೋಗತೊಡಗಿದಳು. ಜೊತೆಗೆ ಮಾದೇವಿ. ಅವಳು ನಮ್ಮ ಹೊಲದಲ್ಲಿ ಕೂಲಿ ಮಾಡುವ ಸಿದ್ದಮ್ಮನ ಮಗಳು, ಭಾಗ್ಯನ ತರಗತಿಯವಳೇ. ಇಬ್ಬಿಬ್ಬರು ಸೇರಿ ತಮ್ಮ ಊರಿನ ನಕ್ಷೆ ಬರೆದು ತರಬೇಕೆಂದು ಭೂಗೋಳದ ಮೇಷ್ಟರು ಹೇಳಿದ್ದರಂತೆ. ಒಳ್ಳೆಯದೇ ಆಯಿತು ಎಂದುಕೊಂಡೆ. ಆದರೂ ಚಟ ಎಲ್ಲಿ ಬಿಡುತ್ತದೆ? ಒಂದು ಶನಿವಾರ ಏನೋ ಕೆಲಸದ ನೆಪ ಮಾಡಿಕೊಂಡು ತಾಳವಾಡಿಗೆ ಹೋಗಿ, ಚಪ್ಪಲಿ ಕೈಯಲ್ಲಿ ಹಿಡಿದು ಮೆಟ್ಟಿಲು ಹತ್ತಿದೆ. ಭಾಗ್ಯ ಪರದೆಯ ಮುಂದೆ ಅಲುಗಾಡದೆ ಕೂತಿದ್ದಳು. ನನ್ನ ನೆರಳು ಬಿದ್ದದ್ದೇ ತಡ, ಅವಳ ಕೈ ಚಕ್ಕನೆ ಆಡಿತು, ಪರದೆ ಬರೀ ನೀಲಿಯಾಯಿತು. ಏನು ನೋಡುತ್ತಿದ್ದೆ ಎಂದು ಕೇಳಿದರೆ ಏನಿಲ್ಲ ಎಂದಳು. ಮಾದೇವಿ ತಲೆ ತಗ್ಗಿಸಿಕೊಂಡು ಪೆನ್ಸಿಲು ಹೆರೆಯುತ್ತಿದ್ದಳು. ಮುಂದಿನ ಶನಿವಾರವೂ ಹೀಗೇ ಆಯಿತು. ಅದರ ಮುಂದಿನದೂ.

ನಮ್ಮ ಹುಡುಗಿ ನನಗೆ ಏನನ್ನೂ ಮುಚ್ಚಿಟ್ಟವಳಲ್ಲ. ಬಳಪ ತಿಂದದ್ದನ್ನೂ ತಾನೇ ಬಂದು ಹೇಳಿದವಳು. ಈಗ ಊಟಕ್ಕೆ ಕೂತಾಗ ನನ್ನ ಮುಖವನ್ನು ಒಂದು ಕ್ಷಣ ನೋಡಿ ಕಣ್ಣು ತಿರುಗಿಸುತ್ತಿದ್ದಳು. ನಾನು ಮಾತಾಡಿಸಿದರೆ ಸಮಾಧಾನವಾಗಿಯೇ ಉತ್ತರ ಕೊಡುತ್ತಿದ್ದಳು, ಆದರೆ ಬೇರೆಯವರ ಮನೆಗೆ ಬಂದ ನೆಂಟರ ಹಾಗೆ. ನನಗೆ ದಿಗಿಲಾಯಿತು. ಹೆಂಡತಿ ನಾಗಮಣಿಗೆ ಹೇಳಿದರೆ, ವಯಸ್ಸಿಗೆ ಬಂದ ಹುಡುಗಿ, ಎಲ್ಲವನ್ನೂ ನಿಮ್ಮ ಮುಂದೆ ಹರಡಬೇಕಾ ಎಂದಳು. ನನ್ನ ತಲೆಯೊಳಗೆ ಮಾತ್ರ ಸುತ್ತೋಲೆಯ ಬೇಡದ ಪಟ್ಟಿಯೆಲ್ಲ ಬಣ್ಣ ಹಚ್ಚಿಕೊಂಡು ಕುಣಿಯತೊಡಗಿತ್ತು. ನೋಡದೇ ಇರುವುದನ್ನು ಊಹಿಸಿಕೊಳ್ಳುವಾಗ ಮನುಷ್ಯನ ಕಲ್ಪನೆ ಎಷ್ಟು ಕೊಳಕಾಗಬಲ್ಲದೆಂದು ಆಗ ಗೊತ್ತಾಯಿತು. ಮಗಳು ಕೆಡುತ್ತಿದ್ದಾಳೆಂದು ಹೆದರಿ ಹೆದರಿ, ಅವಳಿಗಿಂತ ಮೊದಲು ನಾನು ಕೆಟ್ಟೆ.

ನಮ್ಮ ಮನೆಯಲ್ಲಿ ಬೆಳಗಿನ ಪೂಜೆ ಎಂದರೆ ಎಡ ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಅದನ್ನೇ ದಿಟ್ಟಿಸುವುದು. ನಾನು ಹುಡುಗನಾಗಿದ್ದಾಗ ಅಪ್ಪನೂ ನಾನೂ ಎದುರುಬದುರು ಕೂರುತ್ತಿದ್ದೆವು. ಲಿಂಗದ ಕಪ್ಪು ಮೈಯ ಮೇಲೆ ಕಿಟಕಿಯ ಬೆಳಕು ಸಣ್ಣ ಚುಕ್ಕೆಯಾಗಿ ನಿಲ್ಲುತ್ತಿತ್ತು. ಹೊರಗೆ ಮಂಜು ಸರಿದರೆ ಆ ಚುಕ್ಕೆಯೂ ಮಸುಕಾಗಿ ಮತ್ತೆ ತಿಳಿಯಾಗುತ್ತಿತ್ತು. ಅದರೊಳಗೆ ಶಿವನನ್ನು ಕಂಡೆನೆಂದು ಹೇಳಿದರೆ ಸುಳ್ಳಾದೀತು. ಕಾಡು ಕಂಡಿದ್ದೇನೆ, ನೋಡಿರದ ಸಮುದ್ರ ಕಂಡಿದ್ದೇನೆ, ಹಬ್ಬವಲ್ಲದ ದಿನ ಹೋಳಿಗೆಯನ್ನೂ ಕಂಡಿದ್ದೇನೆ. ರೇಡಿಯೋಗೆ ದಾರ ಸುತ್ತಿದ ಅಪ್ಪ ಏನು ಕಂಡೆಯೋ ಎಂದು ಒಂದು ದಿನವೂ ಕೇಳಲಿಲ್ಲ. ಇನ್ನೊಬ್ಬರ ಅಂಗೈಗೆ ಇಣುಕಬಾರದು ಎಂಬುದು ನಮ್ಮಲ್ಲಿ ಕಟ್ಟಳೆ. ಇಣುಕುವುದರಲ್ಲಿ ಪಳಗಿದ ನಾನು ಕೂಡ ಅದೊಂದು ಕಡೆ ಇಣುಕಿದವನಲ್ಲ. ನೋಟ ಎಂಬುದು ಅವರವರದು ಎಂಬ ದೊಡ್ಡ ಮಾತನ್ನು ಇದರಿಂದ ತೆಗೆಯಬಹುದೇನೋ. ನಾನು ತೆಗೆದೆ, ಎರಡು ದಿನ ಅದರಂತೆ ನಡೆದುಕೊಂಡೂ ನೋಡಿದೆ. ಮೂರನೆಯ ದಿನ ಶನಿವಾರವಾಗಿತ್ತು.

ಆವತ್ತು ಮಾದೇವಿ ಬಂದಿರಲಿಲ್ಲ. ಭಾಗ್ಯನ ಜೊತೆ ನಾನೇ ಬಸ್ಸು ಹತ್ತಿದೆ. ಸೆಲ್ವಿಯ ಹತ್ತಿರ ಇನ್ನೊಂದು ಕುರ್ಚಿ ಕೇಳಿ ಇಸಕೊಂಡು ಮಗಳ ಪಕ್ಕದಲ್ಲೇ ಕೂತೆ. ಇಷ್ಟು ದಿನ ಏನು ನೋಡುತ್ತಿದ್ದೆಯೋ ಅದನ್ನು ತೋರಿಸು, ನಿನ್ನಪ್ಪನಾಗಿ ಕೇಳುತ್ತಿದ್ದೇನೆ ಎಂದೆ. ಅವಳು ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡಳು. ಬರೀ ನಕ್ಷೆ ಕಣಪ್ಪ, ನೀನೇ ಗುರುತು ಹಾಕಿದ್ದಲ್ಲ ಎಂದಳು. ಹಾಗಾದರೆ ತೋರಿಸೋಕೇನು ಎಂದೆ. ಅವಳು ಏನೋ ಒತ್ತಿದಳು.

ಮೊದಲು ಪರದೆಯೆಲ್ಲ ಬೂದಿ ಬಣ್ಣ. ಆಮೇಲೆ ಮೂಲೆಯಲ್ಲಿ ಒಂದು ಚೌಕ ಹಸಿರಾಯಿತು. ಸ್ವಲ್ಪ ತಡೆದು ಇನ್ನೊಂದು. ನಿಧಾನವಾಗಿ, ಯಾರೋ ಮೇಲೆ ಕೂತು ನೆಲಕ್ಕೆ ಕೌದಿ ಹೊಲಿಯುತ್ತಿರುವಂತೆ, ಚೌಕದ ಪಕ್ಕ ಚೌಕ ಬಂದು ಸೇರಿತು. ಕಾಡು ಕಡುಹಸಿರಾಗಿ ಅಂಚಿನಲ್ಲಿ ಮಲಗಿತ್ತು. ನಡುವೆ ನಮ್ಮ ಹೊಲಗಳು. ಕೆಂಪು ನೆಲ, ಎಲೆಕೋಸಿನ ಸಾಲು, ರಾಗಿ ಕೊಯ್ದ ಮೇಲಿನ ಬಿಳಿಚು. ಅದು ನಕ್ಷೆಯಲ್ಲ, ಆಕಾಶದಿಂದ ತೆಗೆದ ನಮ್ಮ ಊರಿನ ಫೋಟೋ ಎಂದು ತಿಳಿಯಲು ನನಗೆ ಒಂದು ಗಳಿಗೆ ಬೇಕಾಯಿತು. ನನ್ನ ನಲವತ್ತೆಂಟು ವರ್ಷದ ಪ್ರಪಂಚ ಅಷ್ಟೂ ಒಂದು ತಟ್ಟೆಯಲ್ಲಿ ಹಿಡಿಯುವಂತಿತ್ತು. ಫ್ಯಾನು ತಿರುಗುತ್ತಿತ್ತು. ನಾನು ಕುರ್ಚಿಯಲ್ಲಿ ಕೂತಿದ್ದೇನೆಂಬುದು ಮರೆತು, ಮೋಡದ ಹಾಗೆ ನಮ್ಮೂರಿನ ಮೇಲೆ ತೇಲತೊಡಗಿದೆ. ಅಗೋ ಕೆರೆ, ಎಷ್ಟು ಚಿಕ್ಕದು. ಅಗೋ ನಮ್ಮ ಹೆಂಚಿನ ಮನೆ, ಹಿತ್ತಿಲಿನ ಹುಣಸೆಮರ. ಅಲ್ಲಿ ಯಾರೋ ಬಟ್ಟೆ ಒಣಗಹಾಕಿದ್ದಾರೆ, ನಾಗಮಣಿಯೇ ಇರಬೇಕು. ನನಗೆ ಕಣ್ಣು ತುಂಬಿಬಂತು. ಇಷ್ಟು ಚೆಂದದ್ದನ್ನು ಈ ಹುಡುಗಿ ಯಾಕೆ ಬಚ್ಚಿಟ್ಟಳು?

ಸಿದ್ದಮ್ಮನ ಕೇರಿಯಿಂದ ಒಂದು ದಾರಿ ಹೊರಟು, ನಮ್ಮ ಮುಸುಕಿನ ಜೋಳದ ಹೊಲದ ಪಕ್ಕದಲ್ಲಿ ಹಾದು, ಬಸ್ಸಿನ ರಸ್ತೆಗೆ ಸೇರುತ್ತದೆ. ಕೇರಿಯವರಿಗೆಲ್ಲ ಇರುವುದು ಅದೊಂದೇ ದಾರಿ. ಮೇಲಿನಿಂದ ಅದು ಬಿಳಿಯ ಪಟ್ಟಿಯ ಹಾಗೆ ಕಾಣುತ್ತಿತ್ತು. ನಾನು ಅದರ ಮೇಲೆ ಕಣ್ಣು ಹಾಯಿಸಿಕೊಂಡು ಕೇರಿಯ ಕಡೆಯಿಂದ ಬರುತ್ತಿದ್ದೆ. ನಮ್ಮ ಹೊಲ ಇನ್ನೇನು ಸಿಗಬೇಕು, ಅಷ್ಟರಲ್ಲಿ ಭಾಗ್ಯ ಎದ್ದು ತನ್ನ ಅಂಗೈಯನ್ನು ಪರದೆಯ ಮೇಲೆ ಒತ್ತಿ ಇಟ್ಟುಬಿಟ್ಟಳು.

“ನೀನ್ ನೋಡ್ಬ್ಯಾಡ ಕಣಪ್ಪ,” ಎಂದಳು.

ಕೈಯ ಆ ಕಡೆ ದಾರಿ ಅಗಲವಾಗಿತ್ತು. ಈ ಕಡೆಯೂ ಅಷ್ಟೇ ಅಗಲ. ನಡುವೆ ನನ್ನ ಮಗಳ ಅಂಗೈ. ಅದರ ಕೆಳಗೆ ಏನಿದೆಯೆಂದು ನೋಡುವ ಅಗತ್ಯ ನನಗಿರಲಿಲ್ಲ, ಯಾಕೆಂದರೆ ಅದನ್ನು ಮಾಡಿದವನು ನಾನು.

ಇದನ್ನು ನಿಮಗೆ ಹೇಗೆ ಹೇಳಲಿ? ಕಳ್ಳತನ ಎಂದರೆ ಕಳ್ಳರೂ ಒಪ್ಪಲಾರರು, ಅಷ್ಟು ನಯವಾಗಿ ನಡೆಯುವ ಕೆಲಸ ಅದು. ಉಳುಮೆಯ ಕಾಲದಲ್ಲಿ ಹೊಲದ ಕೊನೆಗೆ ನೇಗಿಲು ತಿರುಗುವಾಗ ಒಂದು ಗೇಣು ದಾರಿಯ ಮೇಲೆ ಬರುತ್ತದೆ. ಉತ್ತ ಮೇಲೆ ಅದು ಹೊಲದ ಹಾಗೇ ಕಾಣುತ್ತದೆ. ಬದು ಹಾಕುವಾಗ ಅದನ್ನೂ ಸೇರಿಸಿಯೇ ಹಾಕುತ್ತೇವೆ. ಮುಂದಿನ ವರ್ಷ ಹೊಸ ಬದುವಿನ ಆಚೆ ಇನ್ನೊಂದು ಗೇಣು. ನಮ್ಮಪ್ಪ ಹೀಗೇ ಉತ್ತರು. ನಾನೂ ಉತ್ತೆ, ನೇಗಿಲು ಹೋಗಿ ಟ್ರ್ಯಾಕ್ಟರು ಬಂದ ಮೇಲೆ ಗೇಣು ಮೊಳವಾಯಿತು. ಎರಡು ಗಾಡಿ ಎದುರುಬದುರು ಬರುತ್ತಿದ್ದ ದಾರಿಯಲ್ಲಿ ಈಗ ಸಿದ್ದಮ್ಮ ಹುಲ್ಲಿನ ಹೊರೆ ಹೊತ್ತು ಬರುವಾಗ ಸೈಕಲ್ಲು ಎದುರಾದರೆ ಬೇಲಿಗೆ ಅಂಟಿಕೊಂಡು ಓರೆಯಾಗಿ ನಿಲ್ಲಬೇಕು. ನಾನು ಅದನ್ನು ದಿನಾ ಕಂಡಿದ್ದೇನೆ. ಕಂಡು, ಚೆನ್ನಾಗಿದ್ದೀಯಾ ಸಿದ್ದಮ್ಮ ಎಂದು ಮಾತಾಡಿಸಿಯೂ ಇದ್ದೇನೆ. ನೆಲದ ಮೇಲೆ ನಿಂತು ನೋಡುವಾಗ ಅದು ಬರೀ ಇಕ್ಕಟ್ಟಾದ ದಾರಿ. ಕ್ಲಾಸಿನಲ್ಲಿ ವಿಸ್ತೀರ್ಣದ ಲೆಕ್ಕ ಹೇಳಿಕೊಡುವ ನನಗೆ ಅದರಾಚೆ ಹೊಳೆದಿರಲಿಲ್ಲ ಎಂದರೆ ನೀವು ನಂಬಬೇಡಿ. ಹೊಳೆದಿತ್ತು.

ವಾಪಸು ಬರುವಾಗ ಬಸ್ಸಿನಲ್ಲಿ ಭಾಗ್ಯ ಕಿಟಕಿಯ ಪಕ್ಕ ಕೂತಳು. ಕಿಟಕಿಯಾಚೆ ಹೊಲಗಳು ತಮ್ಮ ಪಾಡಿಗೆ ಹಿಂದೆ ಸರಿಯುತ್ತಿದ್ದವು, ಬೆಟ್ಟದ ಮೇಲಿನಿಂದ ಮೋಡವೊಂದು ಇಳಿದು ಅವುಗಳ ಮೇಲೆ ನೆರಳು ಎಳೆದುಕೊಂಡು ಹೋಗುತ್ತಿತ್ತು. ಪಕ್ಕದಲ್ಲಿ ಯಾರೋ ಪೇಪರು ಓದುತ್ತಿದ್ದರು, ನನ್ನ ಕತ್ತು ವಾಲಲಿಲ್ಲ. ಮೂರು ಶನಿವಾರ ಅವಳ ಕೈ ಚಕ್ಕನೆ ಆಡಿದ್ದು ತನ್ನ ಮಾನ ಮುಚ್ಚಿಕೊಳ್ಳಲು ಎಂದುಕೊಂಡಿದ್ದೆನಲ್ಲ. ಊಟದ ಹೊತ್ತಿನಲ್ಲಿ ಅವಳು ನನ್ನ ಮುಖ ನೋಡಿ ಕಣ್ಣು ತಿರುಗಿಸುತ್ತಿದ್ದುದು ನೆನಪಾಗಿ ನನಗೆ ಅಲ್ಲೇ ಇಳಿದು ಎಲ್ಲಿಗಾದರೂ ಹೋಗಿಬಿಡಬೇಕು ಅನ್ನಿಸಿತು. ಊರು ಹತ್ತಿರ ಬಂದಾಗ, ಮಾದೇವಿಗೂ ಈ ಫೋಟೋ ಗೊತ್ತಾ ಎಂದು ಕೇಳಿದೆ. ಗೊತ್ತಿಲ್ಲ ಎನ್ನಲಿ ಎಂಬ ಆಸೆ.

“ಅವ್ಳು ದಿನಾ ನಡೀತಾಳಲ್ಲಪ್ಪ,” ಎಂದಳು ಭಾಗ್ಯ.

ನಕ್ಷೆ ಮುಗಿದಿತ್ತು. ಮಾರನೆಯ ದಿನ ಜಗಲಿಯ ಮೇಲೆ ಒಣಗಲು ಹರಡಿದ್ದಳು, ನಾಲ್ಕು ಮೂಲೆಗೆ ನಾಲ್ಕು ಕಲ್ಲು ಹೇರಿ. ಭಾಗ್ಯ ಗೆರೆ ಎಳೆದು, ಮಾದೇವಿ ಬಣ್ಣ ತುಂಬಿದ್ದಾಳೆ ಎಂದು ನಾಗಮಣಿ ಹೆಮ್ಮೆಯಿಂದ ಹೇಳಿದಳು. ಕೆರೆಗೆ ನೀಲಿ, ಕಾಡಿಗೆ ಹಸಿರು. ನಾನು ಬೇರೇನನ್ನೂ ನೋಡದೆ ಆ ದಾರಿಯನ್ನು ಹುಡುಕಿದೆ. ಕೇರಿಯಿಂದ ಬಸ್ಸಿನ ರಸ್ತೆಯವರೆಗೆ ಅದು ಉದ್ದಕ್ಕೂ ಒಂದೇ ಅಗಲವಾಗಿತ್ತು. ನಮ್ಮ ಹೊಲದ ಪಕ್ಕದಲ್ಲೂ. ಸ್ಕೇಲು ಇಟ್ಟು ಎಳೆದ ಎರಡು ನೇರ ಗೆರೆ, ನಡುವೆ ಮಾದೇವಿ ತುಂಬಿದ ತಿಳಿಯಾದ ಹಳದಿ. ಒಬ್ಬಳು ನನಗಾಗಿ ಸುಳ್ಳು ಬರೆದಿದ್ದಳು. ಇನ್ನೊಬ್ಬಳು, ನನಗೆ ಯಾವ ಋಣವೂ ಇಲ್ಲದವಳು, ಅದರೊಳಗೆ ಗೆರೆ ದಾಟದಂತೆ ಬಣ್ಣ ಹಚ್ಚಿದ್ದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಇದನ್ನು ತಡೆದುಕೊಳ್ಳಲಾಗದೆ ಮುಖ ತೊಳೆಯುವ ನೆಪದಲ್ಲಿ ಹಿತ್ತಿಲಿಗೆ ಹೋದೆ.

ಮಕ್ಕಳು ಬರೆದ ಉತ್ತರ ತಪ್ಪಿದ್ದರೆ ತಿದ್ದುವುದು ನನ್ನ ಕಸುಬು. ಈ ನಕ್ಷೆಯನ್ನು ತಿದ್ದಲು ಮನಸ್ಸು ಬರಲಿಲ್ಲ. ಅದರ ಬದಲು ಹೊಲವನ್ನೇ ತಿದ್ದುವುದು ಸುಲಭವೆನಿಸಿತು. ಜೋಳ ಮುರಿದ ಮೇಲೆ ಬದು ಕೀಳಿಸಿ, ಬೇಲಿಯನ್ನು ಒಳಕ್ಕೆ ತಂದೆ. ಎರಡು ಗಾಡಿ ಬರುವಷ್ಟು ಜಾಗವೆಂದರೆ ಎಷ್ಟು ಎಂಬುದು ನನಗೆ ಮರೆತುಹೋಗಿತ್ತು, ನಾಗಮಣಿಯೇ ಬಂದು ನಿಂತು ಇಲ್ಲಿಗೆ ಎಂದು ತೋರಿಸಿದಳು. ಅವಳಿಗೂ ಎಲ್ಲ ಗೊತ್ತಿತ್ತು ಎಂದಾಯಿತು. ಬದು ಕೀಳುವ ಕೆಲಸಕ್ಕೆ ಬಂದವಳು ಸಿದ್ದಮ್ಮನೇ. ತನ್ನ ದಾರಿಯನ್ನು ತಾನೇ ಅಗೆದು ತೆಗೆದುಕೊಳ್ಳಲು ಅವಳನ್ನು ಕೂಲಿಗೆ ಕರೆದಿದ್ದೇನೆಂಬುದು ನನಗೆ ಅರ್ಧ ಕೆಲಸವಾದ ಮೇಲೆ ಹೊಳೆದು, ನಾನೂ ಗುದ್ದಲಿ ಹಿಡಿದೆ. ಏನಾದರೂ ಹೇಳಬೇಕೆಂದು, ಇಷ್ಟು ವರ್ಷ ಹೊಲ ಹೀಗೆ ದಾರಿಗೆ ಬಂದುಬಿಟ್ಟಿತ್ತಲ್ಲ ಸಿದ್ದಮ್ಮ ಎಂದು ಗೊಣಗಿದೆ.

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. “ಒಲಕ್ಕೇನ್ ಗೊತ್ತು ಮೇಷ್ಟ್ರೇ,” ಎಂದಳು, “ದಾರಿ ಕಂಡ್ತು, ಬಂದ್ಬುಡ್ತು.”

ನಗುತ್ತಿದ್ದಾಳೋ ಇಲ್ಲವೋ ತಿಳಿಯಲಿಲ್ಲ. ಅವಳು ಬಗ್ಗಿ ಮತ್ತೆ ಅಗೆಯತೊಡಗಿದಳು, ನಾನೂ ಬಗ್ಗಿದೆ.

ಇದಾಗಿ ಒಂದು ವರ್ಷದ ಮೇಲಾಯಿತು. ಭಾಗ್ಯ ಈಗ ನನ್ನ ಮುಖವನ್ನು ಮೊದಲಿನ ಹಾಗೇ ನೋಡುತ್ತಾಳೆ, ಅಂದರೆ ಸಾರಿಗೆ ಉಪ್ಪು ಸಾಲದು ಎಂದಾಗ ಅವರವ್ವನ ಜೊತೆ ಸೇರಿ ಗುರಾಯಿಸುತ್ತಾಳೆ. ನನಗೆ ಒಂದು ಆಸೆ ಉಳಿದಿದೆ. ನಮ್ಮೂರಿನ ಮೇಲೆ ಮೋಡದ ಹಾಗೆ ಇನ್ನೊಮ್ಮೆ ತೇಲಬೇಕು, ನಮ್ಮ ಮನೆಯನ್ನೂ ಮರವನ್ನೂ ನೋಡಬೇಕು. ತೋರಿಸು ಎಂದು ಆಗಾಗ ಕೇಳುತ್ತೇನೆ. ಅವಳು ಒಪ್ಪುವುದಿಲ್ಲ. ಆಕಾಶದವರು ದಿನಾ ಫೋಟೋ ತೆಗೆಯುವುದಿಲ್ಲವಂತೆ. ಒಂದು ಸಲ ತೆಗೆದರೆ ವರ್ಷಗಟ್ಟಲೆ ಅದೇ ಇರುತ್ತದಂತೆ. ನೆಲದ ಮೇಲೆ ದಾರಿ ಅಗಲವಾದರೂ ಅಲ್ಲಿ ಇನ್ನೂ ಹಳೆಯದೇ ಇದೆಯಂತೆ.

“ಒಸ ಚಿತ್ರ ಇನ್ನೂ ಬಂದಿಲ್ಲ ಕಣಪ್ಪ. ಬಂದಾಗ ನಾನೇ ತೋರುಸ್ತೀನಿ,” ಎನ್ನುತ್ತಾಳೆ.

ಆಗಲಿ ಎನ್ನುತ್ತೇನೆ. ಏನನ್ನು ನೋಡಬೇಕು, ಯಾವಾಗ ನೋಡಬೇಕು ಎಂದು ನಮ್ಮ ಪರವಾಗಿ ಬೇರೆಯವರು ತೀರ್ಮಾನಿಸಿದರೆ ಸಿಟ್ಟು ಬರಬೇಕು. ನನಗೆ ಬರುವುದಿಲ್ಲ. ಅವಳು ಕೈ ಅಡ್ಡ ಇಟ್ಟದ್ದು ನನ್ನನ್ನು ಹತೋಟಿಯಲ್ಲಿಡುವುದಕ್ಕಲ್ಲ, ನಾನು ನೋಯಬಾರದು ಎಂದು. ನಾನು ಅವಳಿಗೆ ಬೇಡ ಬೇಡ ಎಂದು ಬಿಟ್ಟ ಆ ಪಟ್ಟಿಯಲ್ಲಿ, ಅವಳು ನೋಯಬಾರದು ಎಂದು ಬಿಟ್ಟದ್ದು ಒಂದಾದರೂ ಇತ್ತೇ ಎಂದು ಯೋಚಿಸುತ್ತೇನೆ.

ಬೆಳಗಿನ ಹೊತ್ತು ಮಂಜು ಕರಗಿ ಆಕಾಶ ತಿಳಿಯಾದಾಗ ನಾನು ಹೊಲದ ಕಡೆ ಹೋಗುತ್ತೇನೆ. ದಾರಿಯ ಮೇಲೆ ಬಿದ್ದ ಕಡ್ಡಿಕಸ ತೆಗೆಯುತ್ತೇನೆ. ಸಿದ್ದಮ್ಮ ಹೊರೆ ಹೊತ್ತು ನಡುದಾರಿಯಲ್ಲೇ ನೆಟ್ಟಗೆ ಬರುತ್ತಾಳೆ, ಯಾರಿಗೂ ಓರೆಯಾಗುವುದಿಲ್ಲ. ಅವಳು ಹೋದ ಮೇಲೂ ನಾನು ದಾರಿ ಬಿಟ್ಟು ಹೊಲದೊಳಕ್ಕೆ ಸರಿದು ನಿಂತು ಒಂದೆರಡು ಸಲ ಮೇಲೆ ನೋಡುತ್ತೇನೆ. ಯಾವ ಗಳಿಗೆಯಲ್ಲಿ ಚಿತ್ರ ತೆಗೆಯುತ್ತಾರೋ ಏನೋ, ಆಗ ನಾನು ದಾರಿಗೆ ಅಡ್ಡ ನಿಂತಿರಬಾರದು.